ಅನಂತದ ಮೊಗ್ಗು ಅರಳುವ ಮೊದಲೇ ಉದುರುತ್ತಿದೆ, ಚಿಗುರೆಲೆ ಹಳದಿ: ಏನು ಮಾಡಲಿ?

ಬಾವಿಕಟ್ಟೆ | ಮಾರ್ಚ್ 9

ಎಲ್ಲರಿಗೂ ನಮಸ್ಕಾರ. ಹೊನ್ನಾವರದ ಕಡೆ ನಮ್ಮ ತವರುಮನೆಯ ಬಾವಿಕಟ್ಟೆಯ ಪಕ್ಕದಲ್ಲಿ ಒಂದು ಅನಂತದ ಗಿಡವಿದೆ. ಆಯಿ ಮದುವೆಯಾಗಿ ಆ ಮನೆಗೆ ಬಂದಾಗಲೇ ಅದು ಆಳೆತ್ತರ ಇತ್ತಂತೆ. ಯಾರೂ ಅದರ ಬುಡಕ್ಕೆ ಗೊಬ್ಬರ ಹಾಕಿದ್ದನ್ನು ನಾನು ಕಂಡಿಲ್ಲ. ಮೇಲಿನ ಹಲಸಿನ ಮರದಿಂದ ಬಿದ್ದ ದರಕು, ಕೊಡ ಎತ್ತುವಾಗ ಚೆಲ್ಲಿದ ನೀರು, ಇಷ್ಟೇ ಅದರ ಊಟ. ಆದರೂ ಮಳೆ ಹಿಡಿಯುವ ಹೊತ್ತಿಗೆ ಹೂವು ಎಷ್ಟು ಬಿಡುತ್ತಿತ್ತೆಂದರೆ, ಸಂಜೆ ದೀಪ ಹಚ್ಚುವಾಗ ದೇವರ ಕೋಣೆಯಲ್ಲಿ ಊದುಬತ್ತಿಯ ವಾಸನೆಯೇ ತಿಳಿಯುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಅದರದೇ ಒಂದು ಕಡ್ಡಿ ಬೇರು ಬರಿಸಿ ಬೆಂಗಳೂರಿಗೆ ತಂದೆ. ಮೂರನೇ ಮಹಡಿ, ಪೂರ್ವದ ಬಾಲ್ಕನಿ, ಹನ್ನೆರಡು ಇಂಚಿನ ಕುಂಡ. ಡಿಸೆಂಬರಿನಲ್ಲಿ ಮೊಗ್ಗು ಕಾಣಿಸಿಕೊಂಡಾಗ ಎಣಿಸಿದ್ದೆ, ಇಪ್ಪತ್ಮೂರು. ಈಗ ಏಳು ಉಳಿದಿವೆ. ಹಸಿರು ತೊಟ್ಟಿನೊಳಗಿಂದ ಬಿಳಿಯ ಸುರುಳಿ ತುಸು ಇಣುಕುತ್ತದೆ, ನಾಳೆ ಅರಳಿತು ಎಂದುಕೊಂಡು ಮಲಗುತ್ತೇನೆ, ಬೆಳಿಗ್ಗೆ ನೆಲದ ಮೇಲೆ ಬಿದ್ದಿರುತ್ತದೆ. ಹೊಸ ಎಲೆಗಳೂ ಹಳದಿ. ನರ ಮಾತ್ರ ಹಸಿರು, ಬಲೆ ಹೆಣೆದ ಹಾಗೆ ಕಾಣುತ್ತದೆ.

ಇದುವರೆಗೆ ಹಾಕಿದ್ದು: ಎರೆಗೊಬ್ಬರ, ಬಾಳೆಸಿಪ್ಪೆ ನೆನೆಸಿದ ನೀರು, ಪಕ್ಕದ ಮನೆಯವರು ಪ್ರೀತಿಯಿಂದ ಕೊಟ್ಟ ಮೊಟ್ಟೆಚಿಪ್ಪಿನ ಪುಡಿ, ಊರಿನಿಂದ ತಂದ ಒಲೆಬೂದಿ. ಇನ್ನು ಏನು ಹಾಕಲಿ?

ಹೂಬುಟ್ಟಿ | ಮಾರ್ಚ್ 9

ತಂಗಿ, ನೀವು ಅನಂತ ಎನ್ನುವುದು ಯಾವ ಹೂವು? ವಿವರಣೆ ಓದಿದರೆ ನಮ್ಮ ಗಂಧರಾಜದ ಹಾಗೆ ಇದೆ. ನನ್ನ ಸೊಸೆ ಅದನ್ನೇ ಸುಗಂಧರಾಜ ಎನ್ನುತ್ತಾಳೆ. ಸುಗಂಧರಾಜ ಎಂದರೆ ಉದ್ದ ಕಡ್ಡಿಯಲ್ಲಿ ಬರುವ, ಹಾರಕ್ಕೆ ಕಟ್ಟುವ ಗೆಡ್ಡೆಯ ಹೂವಲ್ಲವೇ ಎಂದು ನಾನು, ಅಲ್ಲ ಎಂದು ಅವಳು. ಹೋದ ವರ್ಷ ನಾನು ಗಂಧರಾಜ ಬೇಕೆಂದು ಸಂತೆಯಲ್ಲಿ ಕೇಳಿ ತಂದ ಗಿಡ ಕೊನೆಗೆ ಸುತ್ತಿನ ನಂದಬಟ್ಟಲು ಆಯಿತು. ಹೂವು ಚೆನ್ನಾಗಿಯೇ ಇದೆ, ಪೂಜೆಗೂ ಆಗುತ್ತದೆ. ಆದರೆ ನಾನು ದುಡ್ಡು ಕೊಟ್ಟದ್ದು ಪರಿಮಳಕ್ಕೆ.

ನರ್ಸರಿ ಕೆಲಸದವ | ಮಾರ್ಚ್ 10

ಹೂಬುಟ್ಟಿ ಅಮ್ಮ, ಈ ಗೊಂದಲ ನಮ್ಮಲ್ಲಿ ವಾರಕ್ಕೆ ಎರಡು ಸಲವಾದರೂ ಬರುತ್ತದೆ. ಇಲ್ಲಿ ಕೇಳುತ್ತಿರುವುದು ಗಾರ್ಡೀನಿಯಾ. ಕರಾವಳಿಯವರು, ಕೊಂಕಣಿಯವರು, ಮರಾಠಿಯವರು ಅನಂತ ಎನ್ನುತ್ತಾರೆ, ಬಂಗಾಳದವರಿಗೆ ಅದು ಗಂಧರಾಜ. ಸುಗಂಧರಾಜ ನೀವು ಹೇಳಿದ ಗೆಡ್ಡೆಯ ಹೂವೇ. ನಿಮ್ಮ ಸೊಸೆಗೆ ನನ್ನ ಹೆಸರು ಹೇಳಬೇಡಿ.

ಮುಂದಿನ ಸಲ ಕೊಳ್ಳುವಾಗ ಒಂದು ಎಲೆ ಮುರಿದು ನೋಡಿ. ಹಾಲು ಬಂದರೆ ನಂದಬಟ್ಟಲು. ಗಾರ್ಡೀನಿಯಾದಲ್ಲಿ ಹಾಲು ಬರುವುದಿಲ್ಲ. ಎಲೆ ಮುರಿಯಲು ಮಾರುವವನು ಬಿಡದಿದ್ದರೆ ಕೊಂಬೆಯ ಗಿಣ್ಣು ನೋಡಿ: ಎದುರುಬದುರು ಎಲೆಗಳ ತೊಟ್ಟಿನ ನಡುವೆ ಕೊಂಬೆಗೆ ಅಂಟಿಕೊಂಡ ತೆಳುವಾದ ಪೊರೆಯ ಕೊಳವೆ ಇರುತ್ತದೆ, ಉಗುರಿನಿಂದ ಕೆರೆದರೆ ಬಿಡಿಸಿಕೊಳ್ಳುತ್ತದೆ. ನಂದಬಟ್ಟಲಿಗೆ ಅದು ಇಲ್ಲ. ಹೂವಿಲ್ಲದ ಗಿಡ ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಗುರುತು ನನಗೆ ತಿಳಿದಿಲ್ಲ.

ಮಣ್ಣುಮಸಿ | ಮಾರ್ಚ್ 10

ಹೆಸರಿನ ಪಂಚಾಯಿತಿ ಆಮೇಲೆ. ಬಾವಿಕಟ್ಟೆ ಅವರೇ, ಮೂರು ಪ್ರಶ್ನೆ. ಹಳದಿಯಾಗುತ್ತಿರುವುದು ತುದಿಯ ಎಲೆಯೇ, ಬುಡದ ಎಲೆಯೇ? ಕುಂಡದ ಮಣ್ಣು ಎಲ್ಲಿಯದು? ದಿನಾ ಹಾಕುವ ನೀರು ಯಾವುದು? ಹಾಕಿದ ಗೊಬ್ಬರಗಳ ಪಟ್ಟಿ ಕೊಟ್ಟಿರಿ, ವಾರಕ್ಕೆ ಏಳು ದಿನ ಹಾಕುವ ವಸ್ತುವಿನ ಸುದ್ದಿಯೇ ಇಲ್ಲ.

ಬಾವಿಕಟ್ಟೆ | ಮಾರ್ಚ್ 10

ತುದಿಯ ಎಲೆ. ಬುಡದವು ಇನ್ನೂ ಕಡುಹಸಿರಾಗಿವೆ. ಮಣ್ಣು ಬಡಾವಣೆಯ ಗಾಡಿಯವನು ತಂದ ಕೆಂಪು ಮಣ್ಣು. ನೀರು... ಹೇಳಿದರೆ ಬೈಯುತ್ತೀರೋ ಏನೋ. ನಮ್ಮ ಕಟ್ಟಡಕ್ಕೆ ಕೊಳವೆಬಾವಿ ನೀರು. ಕುಡಿಯಲು ಆರ್‌ಒ ಯಂತ್ರ ಇದೆ. ಅದು ಹೊರಹಾಕುವ ನೀರನ್ನು ಚರಂಡಿಗೆ ಬಿಡಲು ಮನಸ್ಸು ಬರುವುದಿಲ್ಲ, ಬಕೆಟ್ಟಿಗೆ ಹಿಡಿದು ಗಿಡಗಳಿಗೆ ಹಾಕುತ್ತೇನೆ. ಎರಡು ವರ್ಷದಿಂದ ಅನಂತಕ್ಕೂ ಅದೇ.

ಮಣ್ಣುಮಸಿ | ಮಾರ್ಚ್ 10

ಬೈಯುವುದಿಲ್ಲ. ನೀರು ಉಳಿಸುವ ಮನಸ್ಸು ಒಳ್ಳೆಯದೇ, ಆದರೆ ಆ ಬಕೆಟ್ಟು ನೆಲ ಒರೆಸಲು, ಬಚ್ಚಲು ತೊಳೆಯಲು. ಈ ಗಿಡಕ್ಕೆ ಅಲ್ಲ.

ಏಕೆಂದು ಹೇಳುತ್ತೇನೆ. ಆರ್‌ಒ ಯಂತ್ರ ನೀರಿನ ಉಪ್ಪನ್ನು ನಾಶ ಮಾಡುವುದಿಲ್ಲ. ಒಂದು ಪಾಲು ನೀರನ್ನು ಸೋಸಿ ನಿಮಗೆ ಕೊಟ್ಟು, ಆ ಪಾಲಿನ ಸುಣ್ಣ, ಸೋಡದ ಅಂಶವನ್ನೆಲ್ಲ ಉಳಿದ ನೀರಿಗೆ ತಳ್ಳುತ್ತದೆ. ಅಂದರೆ ಮೊದಲೇ ಗಡಸಾಗಿದ್ದ ಕೊಳವೆಬಾವಿ ನೀರನ್ನು ನೀವು ಇನ್ನಷ್ಟು ಗಡಸು ಮಾಡಿ ಕುಂಡಕ್ಕೆ ಸುರಿದಿದ್ದೀರಿ. ಅದರ ಮೇಲೆ ಒಲೆಬೂದಿ, ಅದರ ಮೇಲೆ ಮೊಟ್ಟೆಚಿಪ್ಪು. ಮೂರೂ ಒಂದೇ ದಿಕ್ಕಿಗೆ ಎಳೆಯುತ್ತವೆ: ಮಣ್ಣು ಕ್ಷಾರವಾಗುತ್ತದೆ.

ಗಾರ್ಡೀನಿಯಾ ಹುಳಿ ಮಣ್ಣಿನ ಗಿಡ. ಮಣ್ಣಿನ ಹುಳಿ, ಕ್ಷಾರ ತೋರಿಸುವ ಅಂಕಿ, ಅಂದರೆ ಪಿಎಚ್, 5ರಿಂದ 6.5ರ ಒಳಗೆ ಇರಬೇಕು. 7 ದಾಟಿತೆಂದರೆ ಮಣ್ಣಿನಲ್ಲಿ ಕಬ್ಬಿಣ ಎಷ್ಟೇ ಇದ್ದರೂ ಕರಗದೆ ತುಕ್ಕಿನ ರೂಪದಲ್ಲಿ ಕೂತುಬಿಡುತ್ತದೆ. ಬೇರು ತುಕ್ಕು ತಿನ್ನುವುದಿಲ್ಲ. ಕಬ್ಬಿಣ ಹಳೆಯ ಎಲೆಯಿಂದ ಹೊಸ ಎಲೆಗೆ ಹರಿಯುವ ವಸ್ತುವೂ ಅಲ್ಲ, ಆದ್ದರಿಂದಲೇ ತುದಿ ಹಳದಿ, ಬುಡ ಹಸಿರು. ಸಾರಜನಕ ಕಡಿಮೆಯಾಗಿದ್ದರೆ ಬುಡದ ಎಲೆ ಮೊದಲು ಹಳದಿಯಾಗುತ್ತಿತ್ತು. ಇದೊಂದನ್ನು ತಿಳಿದುಕೊಂಡರೆ ಅರ್ಧ ಗೊಬ್ಬರದ ಅಂಗಡಿ ಮುಚ್ಚಬಹುದು.

ನಿಮ್ಮ ತವರಿನ ಗಿಡಕ್ಕೆ ಯಾರೂ ಏನೂ ಹಾಕಲಿಲ್ಲ ಎಂದಿರಿ. ಹಾಕಿದ್ದರು. ಚಿರೆಕಲ್ಲಿನ ಹುಳಿ ಮಣ್ಣು, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಸುರಿದು ಸುಣ್ಣವನ್ನೆಲ್ಲ ತೊಳೆದೊಯ್ಯುವ ಮಳೆ, ಮೆತ್ತನೆ ಬಾವಿನೀರು, ಬುಡದಲ್ಲಿ ಕೊಳೆಯುವ ದರಕು. ಅದನ್ನೆಲ್ಲ ಬಿಟ್ಟು ನೀವು ಕಡ್ಡಿಯನ್ನು ಮಾತ್ರ ತಂದಿರಿ.

ಮಾಡಬೇಕಾದದ್ದು. ಮೇಲಿನ ಎರಡು ಇಂಚು ಮಣ್ಣು ಕೆರೆದು ತೆಗೆಯಿರಿ, ಬೂದಿ, ಚಿಪ್ಪು ಎಲ್ಲ ಹೋಗಲಿ. ಆ ಜಾಗಕ್ಕೆ ತೊಳೆದ ತೆಂಗಿನ ನಾರಿನ ಪುಡಿ, ಎಲೆಗೊಬ್ಬರ. ಅನ್ನಭೇದಿ ತನ್ನಿ, ಅಂಗಡಿಯಲ್ಲಿ ಫೆರಸ್ ಸಲ್ಫೇಟ್ ಎಂದು ಕೇಳಿ. ಲೀಟರಿಗೆ 5 ಗ್ರಾಂ, ಜೊತೆಗೆ 1 ಗ್ರಾಂ ನಿಂಬೆ ಉಪ್ಪು, ಅದೇ ಸಿಟ್ರಿಕ್ ಆಮ್ಲ. ಸಂಜೆ ಬಿಸಿಲಿಳಿದ ಮೇಲೆ ಎಲೆಯ ಎರಡೂ ಬದಿಗೆ ಸಿಂಪಡಿಸಿ. ಹತ್ತು ದಿನ ಬಿಟ್ಟು ಇನ್ನೊಮ್ಮೆ. ಕಲಸಿದ್ದನ್ನು ಅಂದೇ ಬಳಸಿ, ಮರುದಿನಕ್ಕೆ ಕಂದುಬಣ್ಣಕ್ಕೆ ತಿರುಗಿದರೆ ಅದು ಕೆಲಸಕ್ಕೆ ಬಾರದು. ಈಗ ಹಳದಿಯಾಗಿರುವ ಎಲೆಗಳನ್ನೇ ನೋಡುತ್ತ ಕೂರಬೇಡಿ. ಮುಂದೆ ಬರುವ ಎಲೆ ಹಸಿರಾಗಿ ಬರುತ್ತದೆಯೇ, ಅದು ಲೆಕ್ಕ.

ಕಾಫಿಹೂವು | ಮಾರ್ಚ್ 11

ಸಕಲೇಶಪುರದಿಂದ. ಮಣ್ಣುಮಸಿಯವರು ಹೇಳಿದ್ದಕ್ಕೆ ಒಂದು ಸೇರಿಕೆ. ಗಾರ್ಡೀನಿಯಾ ನಮ್ಮ ಕಾಫಿಯ ದಾಯಾದಿ, ಇಬ್ಬರೂ ರೂಬಿಯೇಸಿ ಕುಟುಂಬದವರು. ಕೇಪಳವೂ ಅದೇ ಮನೆ. ನರ್ಸರಿಯವರು ಹೇಳಿದ ಗಿಣ್ಣಿನ ಪೊರೆ ಕಾಫಿ ಗಿಡದಲ್ಲೂ ಇದೆ, ನಾಳೆ ತೋಟಕ್ಕೆ ಹೋದವರು ನೋಡಬಹುದು.

ನಮ್ಮಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಆ ದಿನಗಳಲ್ಲಿ ರಾತ್ರಿ ಬಾಗಿಲು ತೆರೆದರೆ ಬರುವ ವಾಸನೆಗೂ ಅನಂತದ ವಾಸನೆಗೂ ನಂಟು ಇರುವುದು ಮೂಗಿಗೆ ತಿಳಿಯುತ್ತದೆ. ಕಾಫಿಯದು ತೆಳುವು. ಅನಂತದ್ದು ದಪ್ಪ, ಬೆಣ್ಣೆ ಕಾಯಿಸಿದ ಹಾಗೆ, ಒಂದು ಹೂವು ಇಡೀ ಕೋಣೆಗೆ ಹೆಚ್ಚಾಗುತ್ತದೆ. ನನ್ನ ಹೆಂಡತಿಗೆ ಅದರಿಂದ ತಲೆನೋವು, ಆದ್ದರಿಂದ ನಮ್ಮ ಗಿಡ ಬೇಲಿಯ ಹತ್ತಿರ.

ಗಿಡಕ್ಕೆ ಕಾಫಿಚರಟ ಹಾಕಿ ಎಂದು ಯಾರಾದರೂ ಹೇಳುವ ಮೊದಲೇ ನಾನು ಹೇಳಿಬಿಡುತ್ತೇನೆ: ಡಿಕಾಕ್ಷನ್ ಇಳಿಸಿದ ಚರಟದಲ್ಲಿ ಹುಳಿ ಹೆಚ್ಚು ಉಳಿದಿರುವುದಿಲ್ಲ. ಹುಳಿಯ ಬಹುಪಾಲು ನಿಮ್ಮ ಲೋಟಕ್ಕೆ ಬಂದಾಗಿದೆ. ತೆಳ್ಳಗೆ ಉದುರಿಸಿದರೆ ಕೆಡುಕಿಲ್ಲ, ದಪ್ಪ ಹಾಕಿದರೆ ಗಟ್ಟಿಯಾಗಿ ನೀರು ಇಳಿಯುವುದನ್ನೇ ತಡೆಯುತ್ತದೆ, ಬೂಷ್ಟು ಕಟ್ಟುತ್ತದೆ.

ತಾರಸಿತೋಟ | ಮಾರ್ಚ್ 11

ನಾನು ಮೂರು ವರ್ಷದಿಂದ ಚರಟ ಹಾಕುತ್ತಿದ್ದೇನೆ, ನನ್ನ ಗಿಡ ಚೆನ್ನಾಗಿದೆ. ಅನುಭವಕ್ಕಿಂತ ದೊಡ್ಡ ಶಾಸ್ತ್ರ ಇಲ್ಲ.

ಕಾಫಿಹೂವು | ಮಾರ್ಚ್ 11

ನಿಮ್ಮ ಗಿಡಕ್ಕೆ ಯಾವ ನೀರು, ತಾರಸಿತೋಟದವರೇ?

ತಾರಸಿತೋಟ | ಮಾರ್ಚ್ 11

ಮಳೆನೀರು. ತೊಟ್ಟಿ ಇದೆ.

ಮಣ್ಣುಮಸಿ | ಮಾರ್ಚ್ 11

ಹಾಗಾದರೆ ಚರಟಕ್ಕೆ ಸಿಕ್ಕ ಸನ್ಮಾನ ತೊಟ್ಟಿಗೆ ಸಲ್ಲಬೇಕು.

ಚಾರ್ಲ್ಸ್‌ಟನ್ ಚಳಿ | ಮಾರ್ಚ್ 13

ನಾನು ಹಾಸನದವನು, ಈಗ ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿದ್ದೇನೆ. ಈ ಊರಿನಲ್ಲಿ ಕುಳಿತು ಈ ಚರ್ಚೆ ಓದಿ ಸುಮ್ಮನಿರಲಾಗಲಿಲ್ಲ. ಗಾರ್ಡೀನಿಯಾಕ್ಕೂ ಗಾರ್ಡನ್ ಎಂಬ ಇಂಗ್ಲಿಷ್ ಪದಕ್ಕೂ ಸಂಬಂಧ ಇದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಇಲ್ಲ. ಅದು ಒಬ್ಬ ಮನುಷ್ಯನ ಹೆಸರು. ಅಲೆಕ್ಸಾಂಡರ್ ಗಾರ್ಡನ್ ಎಂಬ ಸ್ಕಾಟ್ಲೆಂಡಿನ ವೈದ್ಯ 1750ರ ದಶಕದಲ್ಲಿ ಇದೇ ಚಾರ್ಲ್ಸ್‌ಟನ್ನಿಗೆ ಬಂದು ನೆಲೆಸಿದ. ರೋಗಿಗಳನ್ನು ನೋಡುವ ನಡುವೆ ಗಿಡ, ಮೀನು, ಹಾವು ಸಂಗ್ರಹಿಸಿ, ಗಿಡ ಪ್ರಾಣಿಗಳಿಗೆ ಶಾಸ್ತ್ರೀಯ ಹೆಸರಿಡುತ್ತಿದ್ದ ಸ್ವೀಡನ್ನಿನ ಲಿನೇಯಸ್‌ಗೆ ಕಳಿಸುತ್ತಿದ್ದ. ಲಂಡನ್ನಿನ ಜಾನ್ ಎಲ್ಲಿಸ್ ಎಂಬ ಗೆಳೆಯ ಹಟ ಹಿಡಿದು, ಈ ಹೂವಿಗೆ ಗಾರ್ಡನ್ನನ ಹೆಸರು ಇಡಿಸಿದ. 1761ರಲ್ಲಿ ಎಲ್ಲಿಸ್ ಅದನ್ನು ಗಾರ್ಡೀನಿಯಾ ಜಾಸ್ಮಿನಾಯ್ಡಿಸ್ ಎಂದು ಪ್ರಕಟಿಸಿದ, ಅಂದರೆ ಮಲ್ಲಿಗೆಯನ್ನು ಹೋಲುವುದು.

ತಮಾಷೆ ಏನೆಂದರೆ ಗಿಡ ಚೀನಾ, ಜಪಾನ್ ಕಡೆಯದು. ಅದಕ್ಕೆ ಇಂಗ್ಲಿಷಿನಲ್ಲಿ ಕೇಪ್ ಜಾಸ್ಮಿನ್ ಎಂಬ ಹೆಸರು, ಏಕೆಂದರೆ ಆಫ್ರಿಕದ ಕೇಪ್ ಕಡೆಯಿಂದ ಬಂದದ್ದು ಎಂದು ತಪ್ಪು ತಿಳಿದಿದ್ದರು. ಹಳೆಯ ಪುಸ್ತಕಗಳಲ್ಲಿ ಗಾರ್ಡೀನಿಯಾ ಫ್ಲೋರಿಡಾ ಎಂದೂ ಇದೆ. ಅದಕ್ಕೂ ಫ್ಲೋರಿಡಾ ರಾಜ್ಯಕ್ಕೂ ಏನೂ ಇಲ್ಲ, ಹೂ ತುಂಬಿದ್ದು ಎಂದು ಅರ್ಥ. ಹೂಬುಟ್ಟಿ ಅಮ್ಮ ಮತ್ತು ಅವರ ಸೊಸೆ ಜಗಳವಾಡಿದ್ದರಲ್ಲಿ ಆಶ್ಚರ್ಯವಿಲ್ಲ, ಈ ಗಿಡಕ್ಕೆ ಸರಿಯಾದ ಹೆಸರು ಇಟ್ಟವರೇ ಕಡಿಮೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಗಾರ್ಡನ್ ಬ್ರಿಟನ್ನಿನ ಪರ ನಿಂತು ಆಸ್ತಿ ಕಳೆದುಕೊಂಡು ಲಂಡನ್ನಿಗೆ ಹೋದ, 1791ರಲ್ಲಿ ಅಲ್ಲಿಯೇ ತೀರಿಕೊಂಡ.

ನಮ್ಮ ಬೀದಿಯಲ್ಲಿ ಇದನ್ನು ಬೇಲಿಯಾಗಿ ಬೆಳೆಸುತ್ತಾರೆ. ಮೇ, ಜೂನ್‌ನಲ್ಲಿ ಕಾರಿನ ಕಿಟಕಿ ಇಳಿಸಿದರೆ ಸಾಕು, ಯಾವ ತಿರುವು ಎಂದು ತಿಳಿಯುತ್ತದೆ. ಇಲ್ಲಿಯ ಕಾಟ ಬಿಳಿ ನೊಣ. ಅದು ಉಗುಳುವ ಅಂಟಿನ ಮೇಲೆ ಕಪ್ಪು ಮಸಿ ಕಟ್ಟಿ ಎಲೆ ಹೊಗೆ ಹಿಡಿದ ಗೋಡೆಯಂತಾಗುತ್ತದೆ. ಫ್ಲೋರಿಡಾದ ಮರಳಿನಲ್ಲಿ ಬೇರಿಗೆ ಗಂಟುಹುಳು ಬೀಳುವುದರಿಂದ ಅಲ್ಲಿ ಆಫ್ರಿಕದ ಗಾರ್ಡೀನಿಯಾ ಥುನ್‌ಬರ್ಗಿಯಾದ ಬೇರಿನ ಮೇಲೆ ಕಸಿ ಕಟ್ಟಿದ ಗಿಡ ಮಾರುತ್ತಾರೆ. ಹಾಗೆ ನೋಡಿದರೆ ಆಫ್ರಿಕದ ಹೆಸರು ಕೊನೆಗೂ ಬೇರಿನ ಮಟ್ಟಿಗೆ ನಿಜವಾಯಿತು.

ಬಿಕ್ಕೆಹಣ್ಣು | ಮಾರ್ಚ್ 15

ಚೀನಾದ್ದು, ಆಫ್ರಿಕದ್ದು ಎನ್ನುತ್ತೀರಿ, ನಮ್ಮ ಕಾಡಿನ ಗಾರ್ಡೀನಿಯಾದ ಮಾತು ಒಬ್ಬರೂ ಎತ್ತಲಿಲ್ಲ. ನನ್ನ ಹೆಸರು ನೋಡಿ. ಬಯಲುಸೀಮೆಯ ಕುರುಚಲು ಕಾಡಿನಲ್ಲಿ ದನ ಕಾಯ್ದವರಿಗೆ ಬಿಕ್ಕೆ ಗೊತ್ತು. ಗಿಡ ಗಿಡ್ಡ, ಗಂಟುಗಂಟು, ಬೇಸಗೆಯಲ್ಲಿ ಸತ್ತ ಹಾಗೆ ನಿಂತಿರುತ್ತದೆ. ಒಂದು ಮಳೆ ಹನಿ ಬಿದ್ದರೆ ಬೆಳ್ಳನೆ ಹೂವು, ಎರಡು ದಿನಕ್ಕೆ ಹಳದಿ. ಒಂದೇ ಗಿಡದಲ್ಲಿ ಬಿಳಿ ಹೂವೂ ಹಳದಿ ಹೂವೂ ಇರುವುದನ್ನು ಕಂಡು ಚಿಕ್ಕಂದಿನಲ್ಲಿ ಎರಡು ಜಾತಿ ಎಂದುಕೊಂಡಿದ್ದೆ. ಬಿಳಿಯದು ಇವತ್ತಿನದು, ಹಳದಿಯದು ಮೊನ್ನೆಯದು, ಅಷ್ಟೇ. ಹಣ್ಣನ್ನು ಕಲ್ಲಿನಿಂದ ಒಡೆದು ತಿನ್ನುತ್ತಿದ್ದೆವು.

ಕೊಂಬೆಯ ತುದಿಯಲ್ಲಿ, ಚಿಗುರು ಹೊರಡುವ ಕಡೆ, ಹಳದಿಹಸಿರು ಅಂಟು ಹನಿಯಾಗಿ ನಿಂತಿರುತ್ತದೆ. ಅದೇ ದಿಕ್ಕಮಲ್ಲಿ. ಗ್ರಂಥಿಗೆ ಅಂಗಡಿಯಲ್ಲಿ ಈಗಲೂ ಉಂಡೆಯಾಗಿ ಸಿಗುತ್ತದೆ. ದನದ ಗಾಯಕ್ಕೆ ನೊಣ ಕೂರದಂತೆ ಹಚ್ಚುತ್ತಿದ್ದರು. ಹೂವಿಗೆ ಅಷ್ಟು ಪರಿಮಳ ಕೊಟ್ಟ ಗಿಡ ಅಂಟಿಗೆ ಏಕೆ ಆ ನಾತ ಕೊಟ್ಟಿತೋ! ಒಮ್ಮೆ ಬೆರಳಿಗೆ ಹತ್ತಿದರೆ ಊಟದ ಹೊತ್ತಿಗೂ ಹೋಗುವುದಿಲ್ಲ.

ಹೂಬುಟ್ಟಿ | ಮಾರ್ಚ್ 15

ದಿಕ್ಕಮಲ್ಲಿ ನಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿ ಇತ್ತು! ಮಕ್ಕಳ ಹೊಟ್ಟೆಹುಳುವಿಗೆ ತೇದು ಕೊಡುತ್ತಿದ್ದರು. ಅದು ಗಂಧರಾಜದ ಬಳಗ ಎಂದು ಇವತ್ತೇ ತಿಳಿಯಿತು. ಈಗಿನ ಮಕ್ಕಳಿಗೆ ಯಾರೂ ಕೊಡಲು ಹೋಗಬೇಡಿ, ವೈದ್ಯರಿದ್ದಾರೆ.

ನರ್ಸರಿ ಕೆಲಸದವ | ಮಾರ್ಚ್ 18

ಮೊಗ್ಗು ಉದುರುವ ವಿಷಯಕ್ಕೆ ಮರಳುತ್ತೇನೆ, ಏಕೆಂದರೆ ಎಲೆ ಹಳದಿ ಬೇರೆ, ಮೊಗ್ಗು ಉದುರುವುದು ಬೇರೆ. ಎರಡೂ ಒಟ್ಟಿಗೆ ಬಂದದ್ದರಿಂದ ಒಂದೇ ರೋಗ ಎಂದು ತೋರುತ್ತಿದೆ.

ಈ ಗಿಡ ಮೊಗ್ಗು ಕಟ್ಟುವುದು ರಾತ್ರಿ ತಂಪಿದ್ದಾಗ, 15ರಿಂದ 18 ಡಿಗ್ರಿಯ ಆಸುಪಾಸಿನಲ್ಲಿ. ಬೆಂಗಳೂರಿನ ಡಿಸೆಂಬರ್, ಜನವರಿ ಅದಕ್ಕೆ ಹೇಳಿ ಮಾಡಿಸಿದ್ದು, ಬಾವಿಕಟ್ಟೆ ಅಕ್ಕನ ಇಪ್ಪತ್ಮೂರು ಮೊಗ್ಗು ಬಂದದ್ದು ಹಾಗೆ. ಆದರೆ ಕಟ್ಟಿದ ಮೊಗ್ಗು ದಪ್ಪವಾಗಿ ಅರಳಲು ವಾರಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ಮಾರ್ಚ್ ಬಂದು ರಾತ್ರಿಯೂ ಬಿಸಿ, ಗಾಳಿ ಒಣ, ಮೂರನೇ ಮಹಡಿಯಲ್ಲಿ ಗೋಡೆಯ ಕಾವು ಬೇರೆ. ಒಂದು ದಿನ ಮಣ್ಣು ಒಣಗಿ ಮರುದಿನ ಪಾತ್ರೆ ತುಂಬ ನೀರು ಬಿದ್ದರೂ ಉದುರುತ್ತದೆ. ಕುಂಡವನ್ನು ಬಿಸಿಲಿಗೆಂದು ಆ ಕಡೆಯಿಂದ ಈ ಕಡೆಗೆ ಇಟ್ಟರೂ ಉದುರುತ್ತದೆ. ಮೊಗ್ಗಿರುವಾಗ ಇದು ಬಾಣಂತಿಯ ಹಾಗೆ, ಕೂತಲ್ಲಿಂದ ಏಳಿಸಬಾರದು.

ನಮ್ಮ ಕಸುಬಿನ ಒಂದು ಗುಟ್ಟು ಹೇಳಿಬಿಡುತ್ತೇನೆ. ಮಾರಾಟಕ್ಕೆ ಇಡುವ ಗಿಡ ನೆರಳುಬಲೆಯ ಕೆಳಗೆ, ದಿನಕ್ಕೆ ಎರಡು ಮೂರು ಸಲ ತುಂತುರು ನೀರು ಕಂಡು ಬೆಳೆದದ್ದು. ಮೈತುಂಬ ಮೊಗ್ಗಿರುತ್ತದೆ, ನೀವು ಮೊಗ್ಗು ನೋಡಿಯೇ ಕೊಳ್ಳುತ್ತೀರಿ. ಮನೆಗೆ ಬಂದು ಹದಿನೈದು ದಿನಕ್ಕೆ ಎಲ್ಲ ಉದುರುತ್ತದೆ. ಗಿಡ ಸತ್ತಿಲ್ಲ, ಮನೆ ಬದಲಾಯಿಸಿದ್ದಕ್ಕೆ ಮುನಿಸು. ಮೊಗ್ಗಿಲ್ಲದ, ಹೊಸ ಚಿಗುರಿರುವ ಗಿಡವನ್ನೇ ಆರಿಸಿ, ಬೆಲೆಯೂ ಕಡಿಮೆ.

ಈಗ ಮಾಡುವುದು: ಬೆಳಗಿನ ಬಿಸಿಲು ಹತ್ತೂವರೆವರೆಗೆ ಸಾಕು, ಆಮೇಲೆ ನೆರಳು. ಅಗಲದ ತಟ್ಟೆಯಲ್ಲಿ ಜಲ್ಲಿ ಹರಡಿ ನೀರು ನಿಲ್ಲಿಸಿ, ಅದರ ಮೇಲೆ ಕುಂಡ. ಕುಂಡದ ತಳ ನೀರು ಮುಟ್ಟಬಾರದು. ಬೆರಳು ಮಣ್ಣಿನಲ್ಲಿ ಒಂದು ಗಿಣ್ಣು ಇಳಿಸಿ ನೋಡಿ, ಒಣಗಲು ಶುರುವಾಗಿದ್ದರೆ ಮಾತ್ರ ನೀರು.

ಬಾವಿಕಟ್ಟೆ | ಏಪ್ರಿಲ್ 6

ತಡವಾಯಿತು, ಕ್ಷಮಿಸಿ. ವರದಿ ಒಪ್ಪಿಸುತ್ತೇನೆ.

ಏಳು ಮೊಗ್ಗೂ ಉದುರಿದವು. ಕೊನೆಯದು ಯುಗಾದಿ ಕಳೆದ ಮೇಲೆ.

ಮೇಲ್ಮಣ್ಣು ಕೆರೆದಾಗ ಕುಂಡದ ಅಂಚಿಗೆ ಬೆಳ್ಳಗೆ ಉಪ್ಪಿನ ಪಟ್ಟಿ ಕಟ್ಟಿದ್ದು ಕಂಡಿತು, ಬಿಸಿನೀರಿನ ಹಂಡೆಯ ಒಳಗೆ ಕಟ್ಟುವ ಹಾಗೆ. ಎರಡು ವರ್ಷ ಅದನ್ನು ಕುಂಡದ ಬಣ್ಣ ಎಂದುಕೊಂಡಿದ್ದೆ. ಕುತೂಹಲಕ್ಕೆ ಮೀಟರ್ ಎರವಲು ತಂದು ಅಳೆದೆ. ನಲ್ಲಿಯ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 540 ಮಿಲಿಗ್ರಾಂ, ಯಂತ್ರ ಹೊರಹಾಕುವ ನೀರಿನಲ್ಲಿ 760. ಪಿಎಚ್ ಕಾಗದ ಎರಡರಲ್ಲೂ 8ರ ಬಣ್ಣ ತೋರಿಸಿತು.

ಈಗ ನೀರಿಗೆ ಬೇರೆ ದಾರಿ ಸಿಕ್ಕಿದೆ. ಪಕ್ಕದ ಮನೆಯವರ ಎಸಿಯಿಂದ ಹನಿಯುವ ನೀರು ನಮ್ಮ ಬಾಲ್ಕನಿಯ ಮೂಲೆಯಲ್ಲೇ ಬೀಳುತ್ತದೆ. ಅದನ್ನು ಅಳೆದರೆ 20ಕ್ಕಿಂತ ಕಡಿಮೆ! ಮೊಟ್ಟೆಚಿಪ್ಪು ಕೊಟ್ಟ ಮನೆಯೇ ಅದು, ಋಣ ತೀರಿತು. ಹೋದ ವಾರದ ಮೊದಲ ಮಳೆಗೆ ಎರಡು ಬಕೆಟ್ ಹಿಡಿದಿಟ್ಟೆ.

ಅನ್ನಭೇದಿ ಎರಡು ಸಲ ಸಿಂಪಡಿಸಿದೆ. ಮಣ್ಣುಮಸಿಯವರು ಒಂದು ಮಾತು ಹೇಳಲಿಲ್ಲ: ಅದು ನೆಲಕ್ಕೆ ಬಿದ್ದರೆ ಕಲೆ. ಬಾಲ್ಕನಿಯ ಬಿಳಿ ಟೈಲ್ಸಿನ ಮೇಲೆ ತುಕ್ಕಿನ ಚುಕ್ಕೆಗಳು ರಂಗೋಲಿ ಬರೆದಿವೆ, ಉಜ್ಜಿದರೂ ಹೋಗುತ್ತಿಲ್ಲ. ಮನೆಯವರು ದಿನಾ ಅದನ್ನು ನೋಡಿ ಏನೂ ಹೇಳದೆ ಒಳಗೆ ಹೋಗುತ್ತಾರೆ, ಅದು ಹೇಳುವುದಕ್ಕಿಂತ ಕಷ್ಟ.

ಇನ್ನೊಂದು. ಎಲೆ ತಿರುಗಿಸಿ ಸಿಂಪಡಿಸುವಾಗ ತೊಟ್ಟಿನ ಸಂದಿಯಲ್ಲಿ ಬಿಳಿ ಹತ್ತಿಯಂಥದ್ದು ಸಿಕ್ಕಿತು. ಇರುವೆಗಳ ಸಾಲೂ ಇದೆ.

ಮಣ್ಣುಮಸಿ | ಏಪ್ರಿಲ್ 6

ಟೈಲ್ಸಿನ ತಪ್ಪು ನನ್ನದು, ಒಪ್ಪಿದೆ. ಕೆಳಗೆ ಗೋಣಿಚೀಲ ಹಾಸಲು ಹೇಳಬೇಕಿತ್ತು.

ಹತ್ತಿಯಂಥದ್ದು ಹಿಟ್ಟು ತಿಗಣೆ. ಇರುವೆ ಅದರ ಸಿಹಿ ಅಂಟಿಗಾಗಿ ಬಂದಿದೆ, ಅದನ್ನು ಕೊಂಬೆಯಿಂದ ಕೊಂಬೆಗೆ ಹೊತ್ತು ಸಾಕುತ್ತದೆ. ಕಿವಿಗೆ ಹಾಕುವ ಹತ್ತಿಯ ಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒಂದೊಂದನ್ನೇ ಒರೆಸಿ ತೆಗೆಯಿರಿ. ಆಮೇಲೆ ಲೀಟರಿಗೆ 5 ಮಿಲಿ ಬೇವಿನೆಣ್ಣೆ, ಕೆಲವು ಹನಿ ಸಾಬೂನು ನೀರು, ಚೆನ್ನಾಗಿ ಕದಡಿ ಸಂಜೆ ಸಿಂಪಡಿಸಿ. ವಾರಕ್ಕೊಮ್ಮೆ, ಮೂರು ವಾರ. ಅನ್ನಭೇದಿಯ ದಿನವೇ ಬೇಡ.

ಎಸಿ ನೀರು ಒಳ್ಳೆಯದು, ಆದರೆ ಅದರಲ್ಲಿ ಉಪ್ಪೂ ಇಲ್ಲ, ಆಹಾರವೂ ಇಲ್ಲ. ತಿಂಗಳಿಗೊಮ್ಮೆ ಒಂದು ಹಿಡಿ ಎರೆಗೊಬ್ಬರ ಸಾಕು. ಬೂದಿಯ ಡಬ್ಬಿ ಯಾರಿಗಾದರೂ ಕೊಟ್ಟುಬಿಡಿ.

ಹೊಸಬಾಲ್ಕನಿ | ಏಪ್ರಿಲ್ 20

ಈ ಚರ್ಚೆ ಓದಿ ನಾನೂ ಒಂದು ಬೆಳೆಸಬೇಕೆಂದಿದ್ದೇನೆ. ಕಡ್ಡಿಯಿಂದ ಬರುತ್ತದೆಯೇ? ನಮ್ಮ ನಾಯಿ ಸಿಕ್ಕ ಎಲೆಯನ್ನೆಲ್ಲ ಅಗಿಯುತ್ತದೆ, ತೊಂದರೆ ಇದೆಯೇ? ಈ ಹೂವಿನ ವಾಸನೆಗೆ ಹಾವು ಬರುತ್ತದೆ ಎಂದು ಅತ್ತೆ ಹೇಳುತ್ತಿದ್ದಾರೆ.

ನರ್ಸರಿ ಕೆಲಸದವ | ಏಪ್ರಿಲ್ 20

ಬರುತ್ತದೆ. ಮಳೆ ಶುರುವಾದ ಮೇಲೆ, ಪೂರ್ತಿ ಎಳೆಯದೂ ಅಲ್ಲದ ಪೂರ್ತಿ ಬಲಿತದ್ದೂ ಅಲ್ಲದ ಕೊಂಬೆ, ಗೇಣುದ್ದಕ್ಕಿಂತ ತುಸು ಕಡಿಮೆ. ಕೆಳಗಿನ ಎಲೆ ಕಿತ್ತು ನಾರಿನ ಪುಡಿ, ಮರಳಿನಲ್ಲಿ ನೆಟ್ಟು ಪ್ಲಾಸ್ಟಿಕ್ ಚೀಲ ಮುಚ್ಚಿ. ನೀರಿನ ಲೋಟದಲ್ಲಿಟ್ಟರೂ ಬೇರು ಬಿಡುತ್ತದೆ. ದೊಡ್ಡ ಗಿಡ ಇದ್ದವರು ಗೂಟಿ ಕಟ್ಟಬಹುದು, ಅಂದರೆ ಗಿಡದ ಮೇಲಿರುವ ಕೊಂಬೆಗೇ ಬೇರು ಬರಿಸುವುದು. ನಾಯಿ ತಿಂದರೆ ವಾಂತಿ, ಭೇದಿ ಆಗಬಹುದು, ಕುಂಡವನ್ನು ಎತ್ತರದಲ್ಲಿಡಿ. ಹಾವಿಗೆ ಹೂವಿನ ವಾಸನೆ ಬೇಕಿಲ್ಲ, ಇಲಿ ಕಪ್ಪೆ ಬೇಕು. ರಾತ್ರಿ ಈ ಹೂವಿನ ಪರಿಮಳಕ್ಕೆ ಬರುವುದು ದೊಡ್ಡ ಪತಂಗಗಳು. ಅತ್ತೆಗೆ ಅದನ್ನು ತೋರಿಸಿ.

ಚಾರ್ಲ್ಸ್‌ಟನ್ ಚಳಿ | ಏಪ್ರಿಲ್ 21

ಒಂದೆಸಳಿನ, ಅಂದರೆ ಹೂವಿಗೆ ಒಂದೇ ಸುತ್ತು ಎಸಳಿರುವ ಗಿಡ ಸಿಕ್ಕರೆ ಬಿಡಬೇಡಿ. ಸುತ್ತಿನ ಹೂವಿಗೆ ಸಾಮಾನ್ಯವಾಗಿ ಕಾಯಿ ಕಟ್ಟುವುದಿಲ್ಲ, ಒಂದೆಸಳಿಗೆ ಕಟ್ಟುತ್ತದೆ. ಏಣೇಣಾದ ಕಿತ್ತಳೆ ಬಣ್ಣದ ಕಾಯಿ, ತುದಿಯಲ್ಲಿ ಪುಷ್ಪಪಾತ್ರೆಯ ಕಡ್ಡಿಗಳು ಕಿರೀಟದಂತೆ ನಿಂತಿರುತ್ತವೆ. ಅದರಲ್ಲಿರುವ ಹಳದಿ ಬಣ್ಣ ಕ್ರೋಸಿನ್, ಕೇಸರಿಗೆ ಬಣ್ಣ ಕೊಡುವುದೂ ಅದೇ. ಜಪಾನಿನವರು ಹೊಸ ವರ್ಷಕ್ಕೆ ಮಾಡುವ ಗೆಣಸು, ಚೆಸ್ಟ್‌ನಟ್‌ನ ಸಿಹಿಗೂ ಮೂಲಂಗಿ ಉಪ್ಪಿನಕಾಯಿಗೂ ಇದರಿಂದ ಹಳದಿ ಬಣ್ಣ ಕೊಡುತ್ತಾರೆ. ಗಿಡಕ್ಕೆ ಅವರಿಟ್ಟ ಹೆಸರು ಕುಚಿನಾಶಿ. ಬಾಯಿಲ್ಲದ್ದು ಎಂದರ್ಥ, ಹಣ್ಣಾದರೂ ಕಾಯಿ ಬಾಯಿ ಬಿಡುವುದಿಲ್ಲ ಎಂದು ಆ ಹೆಸರು ಎನ್ನುತ್ತಾರೆ. ನಾನು ಕೇಳಿದ ಹೆಸರುಗಳಲ್ಲಿ ಗಿಡವನ್ನು ಕಣ್ಣಿಟ್ಟು ನೋಡಿ ಇಟ್ಟದ್ದು ಇದೊಂದೇ.

ಹೂಬುಟ್ಟಿ | ಏಪ್ರಿಲ್ 22

ಹೂವು ಕೀಳುವಾಗ ಎಸಳು ಮುಟ್ಟಬೇಡಿ, ತೊಟ್ಟು ಹಿಡಿದು ಕೀಳಿ. ಬೆರಳು ತಾಗಿದ ಕಡೆ ಒಂದು ಗಂಟೆಯಲ್ಲಿ ಕಂದು ಕಲೆ ಏಳುತ್ತದೆ, ಯಾರ ಹೆಬ್ಬೆರಳು ಎಂದೂ ಹೇಳಬಹುದು. ಮಲ್ಲಿಗೆಯ ಹಾಗೆ ದಂಡೆ ಕಟ್ಟಲು ಆಗದಿರುವುದು ಇದೇ ಕಾರಣಕ್ಕೆ. ಒಂಟಿ ಹೂವು, ಒಂದು ಎಲೆ, ಜಡೆಯ ಬುಡಕ್ಕೆ. ನನ್ನ ಮದುವೆಯ ಹೊಸತರಲ್ಲಿ ಯಜಮಾನರು ಕಚೇರಿಯಿಂದ ಬರುವಾಗ ಒಂದನ್ನು ಜೇಬಿನಲ್ಲಿ ತಂದಿದ್ದರು, ಹೊರತೆಗೆದಾಗ ಬೇಯಿಸಿದ ಈರುಳ್ಳಿಯ ಹಾಗೆ ಇತ್ತು. ಪರಿಮಳ ಮಾತ್ರ ಅಂಗಿ ಒಗೆದ ಮೇಲೂ ಇತ್ತು.

ಬಾವಿಕಟ್ಟೆ | ಮೇ 17

ಹೊಸ ಎಲೆಗಳು ಹಸಿರು! ಮೂರು ಕೊಂಬೆಯ ತುದಿಯೂ ಎಣ್ಣೆ ಹಚ್ಚಿದ ಹಾಗೆ ಮಿಂಚುತ್ತಿವೆ. ಹಳೆಯ ಹಳದಿ ಎಲೆಗಳು ಹಾಗೆಯೇ ಇವೆ, ಅವನ್ನು ನೋಡುವುದು ಬಿಟ್ಟಿದ್ದೇನೆ. ನಾಲ್ಕು ಮೊಗ್ಗು ಬಂದಿವೆ. ಈ ಸಲ ಎಣಿಸಬಾರದು ಎಂದುಕೊಂಡಿದ್ದೆ.

ಬಾವಿಕಟ್ಟೆ | ಜೂನ್ 23

ಗುರುವಾರ ತವರಿಗೆ ಹೋಗಿದ್ದೆ, ಆಯಿಗೆ ಮೈ ಸರಿ ಇರಲಿಲ್ಲ, ಈಗ ಪರವಾಗಿಲ್ಲ. ಬಾವಿಕಟ್ಟೆಯ ಗಿಡದ ತುಂಬ ಹೂವು, ಮಳೆಗೆ ನೆನೆದು ಅರ್ಧ ಕಂದು. ಬುಡದ ಮಣ್ಣು ಒಂದು ಚೀಲ ತುಂಬಿಸಿಕೊಂಡು ಬಂದೆ. ಮಣ್ಣು ಹೊತ್ತು ಬಸ್ಸು ಹತ್ತುವವಳು ನಾನೊಬ್ಬಳೇ ಇರಬೇಕು ಎಂದು ಅಣ್ಣ ನಕ್ಕ.

ಹೋಗುವಾಗ ಮನೆಯ ಕೀಲಿಯನ್ನು ಪಕ್ಕದ ಮನೆಯವರಿಗೆ ಕೊಟ್ಟು, ಎಸಿ ನೀರಿನ ಬಕೆಟ್ ತೋರಿಸಿ, ಕುಂಡ ಮಾತ್ರ ಅಲುಗಿಸಬೇಡಿ ಎಂದು ಮೂರು ಸಲ ಹೇಳಿದ್ದೆ. ಶುಕ್ರವಾರ ರಾತ್ರಿ ಹತ್ತೂವರೆಗೆ ಅವರಿಂದ ಫೋಟೋ ಬಂತು. ಬೆಳಕು ಸರಿಯಿಲ್ಲ, ಕೈ ಅಲುಗಿದೆ, ನಡುವೆ ಒಂದು ಬಿಳಿಯ ಉಂಡೆ. ಕೆಳಗೆ ಬರೆದಿದ್ದರು: "ನಮ್ಮ ಕೋಣೆಯವರೆಗೂ ಬರುತ್ತಿದೆ, ಕಿಟಕಿ ತೆರೆದಿಟ್ಟು ಮಲಗುತ್ತೇವೆ."

ಇವತ್ತು ಸೋಮವಾರ ಬೆಳಿಗ್ಗೆ ಬಂದು ನೋಡಿದೆ. ಹಳೆಯ ತುಪ್ಪದ ಬಣ್ಣಕ್ಕೆ ತಿರುಗಿದೆ. ಎಸಳಿನ ಒಂದು ಬದಿಗೆ ಕಂದು ಗುರುತು, ಹೂಬುಟ್ಟಿ ಅಮ್ಮ ಹೇಳಿದ ಹಾಗೆ, ಹೆಬ್ಬೆರಳಿನದೇ, ಚಿಕ್ಕದು. ಅವರ ಮಗಳಿಗೆ ಆರು ವರ್ಷ. ಬಟ್ಟಲು ನೀರಿನಲ್ಲಿಟ್ಟು ಊಟದ ಮೇಜಿನ ಮೇಲೆ ಇಟ್ಟಿದ್ದೇನೆ. ಮನೆಯವರು ಟೈಲ್ಸಿನ ಮಾತು ಎತ್ತಲಿಲ್ಲ. ಇನ್ನು ಮೂರು ಮೊಗ್ಗು ಇವೆ. ಫೋಟೋ ಕೆಳಗೆ ಹಾಕಿದ್ದೇನೆ.

ಮಣ್ಣುಮಸಿ | ಜೂನ್ 23

ಹೂವಿನ ಫೋಟೋ ನೋಡಿದೆ. ತುದಿಯ ಎಲೆಯದ್ದೂ ಒಂದು ಹಾಕಿ.